ತಾಯಿಯ ಕಡೆಯಿಂದ

ಮಂಗಳವಾರ ಬೆಳಿಗ್ಗೆ 10.40ಕ್ಕೆ ಇಬ್ಬರು ಹೆಂಗಸರು ಠಾಣೆಗೆ ಬಂದರು. ಒಬ್ಬರು ಆಸ್ಪತ್ರೆಯ ಡಿಎನ್ಎ ಪ್ರಯೋಗಾಲಯದ ವೈದ್ಯೆ. ಇನ್ನೊಬ್ಬಳು ಆರು ವರ್ಷದ ಹುಡುಗಿಯ ತಾಯಿ, ಹೊಲಿಗೆ ಕೆಲಸದವಳು. ಹುಡುಗಿಗೆ ಪಾದದ ನರ ಸೊರಗುವ ಕಾಯಿಲೆ.

ವೈದ್ಯೆ ಎರಡು ವರದಿಗಳನ್ನು ಇನ್ಸ್‌ಪೆಕ್ಟರ್ ಮೇಜಿನ ಮೇಲಿಟ್ಟರು. ಒಂದೇ ಸಂಖ್ಯೆ, ಒಂದೇ ಮೊಹರು. ಪ್ರಯೋಗಾಲಯದ ಪ್ರತಿಯಲ್ಲಿ ದೋಷ ಬಂದದ್ದು ‘ತಂದೆಯಿಂದ’. ಮನೆಯ ಪ್ರತಿಯಲ್ಲಿ ‘ತಾಯಿಯಿಂದ’.

“ಹೇಗೆ ಗೊತ್ತಾಯ್ತು?”

“ಬಸುರಿ ತಂಗಿಗೂ ಪರೀಕ್ಷೆ ಮಾಡಿಸ್ಬೇಕು ಅಂತ ಇವರು ಬಂದ್ರು. ನಿಮ್ಮಲ್ಲೇ ಇಲ್ಲದ್ದು ತಂಗಿಗೆ ಎಲ್ಲಿಂದ ಬರುತ್ತಮ್ಮ ಅಂದೆ. ಆಗ ಈ ಕಾಗದ ತೋರಿಸಿದ್ರು.”

ದೂರು ಬರೆದುಕೊಳ್ಳುತ್ತಿದ್ದ ದಫೇದಾರರು ಪೆನ್ನು ಕೆಳಗಿಟ್ಟರು. “ದೋಷ ಅಂದ್ರೆ ಏನಂತ ಬರೀಲಿ ಮೇಡಂ? ನನಗೆ ತಲೆಬುಡ ತಿಳೀತಿಲ್ಲ.”

ವೈದ್ಯೆ ಅವರ ಕಾಗದದಲ್ಲೇ ‘ಮಗಳು ಮನೆಗೆ ಬರಲಿ’ ಎಂದು ಬರೆದರು. “ದೇಹ ಡಿಎನ್ಎಯನ್ನ ಹೀಗೆ ಮೂರು ಮೂರು ಅಕ್ಷರವಾಗಿ ಓದುತ್ತೆ. ಒಂದಕ್ಷರ ಬದಲಾದ್ರೆ ‘ಮಗಳು ಮರೆಗೆ ಬರಲಿ’. ಒಂದು ಮಾತು ಕೆಡುತ್ತೆ, ಕೆಲವು ಸಲ ಏನೂ ಆಗಲ್ಲ. ‘ಗ’ ಬಿಟ್ಟುಹೋದ್ರೆ ‘ಮಳುಮ ನೆಗೆಬ ರಲಿ’. ಅಲ್ಲಿಂದಾಚೆ ಎಲ್ಲಾ ಅಡ್ಡಾದಿಡ್ಡಿ. ಒಂದು ಹೆಚ್ಚಿಗೆ ಸೇರಿದ್ರೂ ಅದೇ ಗತಿ. ಈ ಮಗುವಿಗೆ ಒಂದು ಬಿಟ್ಟುಹೋಗಿದೆ.”

“ಯಾಕೆ ಹೀಗಾಗುತ್ತೆ?” ಎಂದರು ಇನ್ಸ್‌ಪೆಕ್ಟರ್.

“ಜೀವಕೋಶ ನಕಲು ಮಾಡುವಾಗ ತಪ್ಪುತ್ತೆ. ಬಿಸಿಲು, ತಂಬಾಕಿನ ಹೊಗೆ, ಎಕ್ಸ್‌ರೇ, ಕೆಲವು ರಾಸಾಯನಿಕಗಳೂ ಕೆಡಿಸ್ತವೆ. ಇದು ಮಾತ್ರ ಹೆತ್ತವರಿಂದ ಇಳಿದದ್ದು.”

ತಾಯಿ ಆಗ ಬಾಯಿಬಿಟ್ಟಳು. “ನನ್ನ ರಕ್ತಾನೇ ಸರಿ ಇಲ್ಲ ಅಂದ್ರು ಅತ್ತೆ. ಇನ್ನೊಂದು ಮಗು ಬೇಡ ಅಂತ ಎರಡು ತಿಂಗಳ ಹಿಂದೆ ಆಪರೇಷನ್ ಮಾಡಿಸ್ಕೊಂಡೆ.”

ದಫೇದಾರರು ಮತ್ತೆ ಪೆನ್ನು ಎತ್ತಿಕೊಂಡು ಅದನ್ನೂ ಬರೆದುಕೊಂಡರು.

11.25ಕ್ಕೆ ಎಫ್ಐಆರ್ ದಾಖಲಾಯಿತು. ಪ್ರಯೋಗಾಲಯದ ರಿಜಿಸ್ಟರಿನಲ್ಲಿ ವರದಿ ಪಡೆದವನ ಸಹಿ ಗಂಡನದು. ಅವನದು ಜೆರಾಕ್ಸ್ ಅಂಗಡಿ. ಮೂರು ಗಂಟೆಗೆ, ಪಕ್ಕದ ಗಡಿಯಾರ ರಿಪೇರಿಯವನೂ ಔಷಧಿ ಅಂಗಡಿಯವನೂ ಪಂಚಸಾಕ್ಷಿಗಳಾಗಿ, ಅಲ್ಲಿ ಪಂಚನಾಮೆ ನಡೆಯಿತು. ಕಂಪ್ಯೂಟರಿನಲ್ಲಿ ಎರಡೂ ಪ್ರತಿಗಳಿದ್ದವು. ಗಂಡನನ್ನು ಠಾಣೆಗೆ ಕರೆತಂದರು.

“ವರದಿ ಎಷ್ಟು ಹೊತ್ತು ಅಂಗಡೀಲಿತ್ತು?”

“ಒಂದು ಗಂಟೆ.”

“ಒಂದು ಪದ ಬದಲಾಯಿಸೋಕೆ ಒಂದು ಗಂಟೆಯಾ?”

“ಅರ್ಧ ನಿಮಿಷ ಸಾಕಾಯ್ತು ಸಾರ್. ಮಿಕ್ಕ ಹೊತ್ತು ಸುಮ್ನೆ ಕೂತಿದ್ದೆ.”

“ಯಾಕೆ ಮಾಡಿದೆ?”

ಅವನು ಶೂ, ಕಾಲುಚೀಲ ಬಿಚ್ಚಿದ. ಪಾದ ಕಮಾನಿನಂತೆ ಎದ್ದಿತ್ತು, ಬೆರಳುಗಳು ಮುದುಡಿದ್ದವು. “ಅಪ್ಪಂದೂ ಹೀಗೇ. ಎಲ್ಲರೂ ಕುಂಟ ಅಂತಿದ್ರು. ಅಪ್ಪನ ಜೊತೆ ರಸ್ತೇಲಿ ನಡೆಯೋಕೆ ನಾಚ್ಕೋತಿದ್ದೆ. ನನ್ನ ಕಾಲು ಹೆಂಡ್ತಿಗೂ ಸರಿಯಾಗಿ ತೋರಿಸಿಲ್ಲ.”

“ಆಪರೇಷನ್ ದಿನ?”

“ನಾನೇ ಕರ್ಕೊಂಡು ಹೋದೆ. ‘ನನ್ನಿಂದ ನಿಮಗೆ ಹೀಗಾಯ್ತು’ ಅಂತ ಅವಳೇ ಕೈಮುಗಿದಳು.” ಅವನು ಮುಖ ಮುಚ್ಚಿಕೊಂಡ.

5.10ಕ್ಕೆ ಬಂಧನ. ಹೊರಗಿನ ಬೆಂಚಿನಿಂದ ಹೆಂಡತಿ ಎದ್ದು ನಿಂತಳು.

“ವರದಿಯ ಕೊನೇಲಿ ‘ಇದು ಯಾರ ತಪ್ಪೂ ಅಲ್ಲ’ ಅಂತ ಇತ್ತಂತೆ. ಅದನ್ನೂ ಅಳಿಸಿದ್ರಾ?”

ಅವನು ಹೌದೆಂದು ತಲೆಯಾಡಿಸಿದ.

“ಅದೊಂದು ಸಾಲು ಉಳಿಸಿದ್ರೂ ಆಗ್ತಿತ್ತು” ಎಂದವಳೇ, ಮಗಳ ಶಾಲೆ ಬಿಡುವ ಹೊತ್ತು ಮೀರಿತೆಂದು ಹೊರಟಳು.

ಕೇಸ್ ಡೈರಿಯಲ್ಲಿ ಕಾರಣ ಬರೆಯಬೇಕಾದ ಕಡೆ ಇನ್ಸ್‌ಪೆಕ್ಟರ್ ಹೀಗೆ ಬರೆದರು: ‘ಮಗಳು ತನ್ನನ್ನು ಕಂಡು ನಾಚಿಯಾಳೆಂಬ ಭಯ.’