ಕಂಬದಿಂದಿಳಿದ ಶಬ್ದಮಾಪಕ

ಆ ಭಾನುವಾರ ಬೆಳಿಗ್ಗೆ ಮಳೆ, ಮುನಿಸಿಕೊಂಡು ಬಂದ ನೆಂಟನ ಹಾಗೆ, ಒಳಗೂ ಬಾರದೆ ಹೊರಗೂ ಹೋಗದೆ ಹೊಸಿಲಲ್ಲೇ ನಿಂತಿತ್ತು. ಕೊಡೆ ಬಿಚ್ಚಿದರೆ ಹನಿ ನಿಲ್ಲುತ್ತಿತ್ತು, ಮಡಚಿದರೆ ತಲೆ ತೋಯುತ್ತಿತ್ತು. ಠಾಣೆಯ ಮೆಟ್ಟಿಲ ಮೇಲೆ ಮೂರು ಸಲ ಬಿಚ್ಚಿ ಮಡಚಿದ ಇನ್‌ಸ್ಪೆಕ್ಟರು ಕೊನೆಗೆ ಕೊಡೆಯನ್ನೇ ಮೂಲೆಗೆಸೆದು ಒಳಗೆ ಬಂದಾಗ ಗಂಟೆ ಏಳು ಇಪ್ಪತ್ತು. ಬೆಂಚಿನ ಮೇಲೆ ಇಬ್ಬರು ಕೂತಿದ್ದರು. ಒಬ್ಬ, ಅಂದು ಸಂಜೆ ಮೈದಾನದಲ್ಲಿ ನಡೆಯಬೇಕಿದ್ದ ಸಂಗೀತ ಕಾರ್ಯಕ್ರಮದ ಆಯೋಜಕ. ಇನ್ನೊಬ್ಬರು ನಗರಸಭೆಯ ಶಬ್ದಮಾಪನ ಅಧಿಕಾರಿ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

"ಸಾರ್, ಮೀಟರ್ ಕಳ್ಳತನ ಆಗಿದೆ," ಎಂದ ಆಯೋಜಕ.

"ಕರೆಂಟ್ ಮೀಟರಾ?"

"ಸೌಂಡ್ ಮೀಟರ್. ನಿನ್ನೆ ಸಂಜೆ ಇವರೇ ಕಂಬಕ್ಕೆ ಹಾಕಿದ್ರು. ಈಗ ಬರೀ ಕಂಬ ಇದೆ."

ಇನ್‌ಸ್ಪೆಕ್ಟರು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡರು. ಎರಡು ವರ್ಷದಿಂದ ಆ ಮೈದಾನದಿಂದ ಬಂದ ದೂರುಗಳೆಲ್ಲ ಸದ್ದು ಜಾಸ್ತಿಯಾಯಿತು ಎಂಬವೇ. ಇವತ್ತು ಸದ್ದು ಮಾಡಲು ಆಗುತ್ತಿಲ್ಲ ಎಂಬ ದೂರು. ಅತ್ತೆ ಹೊಡೆದಳೆಂದು ಅಳಲೋ, ಮಾವ ನಕ್ಕನೆಂದು ಅಳಲೋ ಎಂಬಂತಾಯಿತು ಅವರಿಗೆ.

"ಮೀಟರ್ ಇಲ್ಲದೇನೆ ಹಾಡಿಸಿ," ಎಂದರು.

"ಆಗಲ್ಲ," ಎಂದರು ಅಧಿಕಾರಿ. ಬಗಲಲ್ಲಿದ್ದ ಹದಿನಾಲ್ಕು ಪುಟದ ಪರವಾನಗಿ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. "ಷರತ್ತು ಒಂಬತ್ತು. ಕಂಬದ ಮೇಲೆ ಮಾಪಕ ಇಲ್ಲದೆ ಒಂದು ಸ್ಪೀಕರ್ರೂ ಉಸಿರೆತ್ತಬಾರದು. ಸೌಂಡ್ ಚೆಕ್ ಕೂಡ ಇಲ್ಲ."

"ಇನ್ನೊಂದು ಮಾಪಕ?"

"ರಿಪೇರಿಗೆ ಹೋಗಿ ಎಂಟು ತಿಂಗಳಾಯ್ತು."

"ಮೊಬೈಲ್‌ನಲ್ಲಿ ಅಳೀಬಹುದಲ್ಲ ಸಾರ್, ನನ್ನ ಫೋನಲ್ಲೇ ಇದೆ," ಎಂದ ಆಯೋಜಕ.

"ಮೊಬೈಲ್‌ನಲ್ಲಿ ಅಳೆದದ್ದಕ್ಕೆ ಕಾನೂನಿನಲ್ಲಿ ಕಿವಿ ಇಲ್ಲ," ಎಂದರು ಅಧಿಕಾರಿ.

ಇನ್‌ಸ್ಪೆಕ್ಟರಿಗೆ ಇಬ್ಬರನ್ನೂ ಒಂದೇ ಲಾಕಪ್ಪಿಗೆ ಹಾಕಿ ಚಿಲಕ ಹಾಕಬೇಕೆನಿಸಿತು. ಆದರೆ ಅವರಿಗೆ ಬೇರೊಂದು ಭಯವಿತ್ತು. ಹಿಂದಿನ ವರ್ಷ ಇದೇ ಮೈದಾನದಲ್ಲಿ ಕಾರ್ಯಕ್ರಮ ಕೊನೆ ಗಳಿಗೆಯಲ್ಲಿ ರದ್ದಾಗಿತ್ತು. ಬಾಗಿಲಲ್ಲಿದ್ದವರು ಹಿಂದಕ್ಕೆ ತಿರುಗಿದರು, ಹಿಂದಿದ್ದವರಿಗೆ ಸುದ್ದಿ ಗೊತ್ತಿಲ್ಲ, ಅವರು ಮುಂದಕ್ಕೇ ತಳ್ಳಿದರು. ನಡುವೆ ಕಬ್ಬಿಣದ ಬೇಲಿ ಮಗುಚಿತು. ಅದರಡಿಯಿಂದ ಹತ್ತೊಂಬತ್ತು ಜನರನ್ನು ಎಳೆದು ತೆಗೆದ ಕೈಗಳಲ್ಲಿ ಇನ್‌ಸ್ಪೆಕ್ಟರ ಕೈಗಳೂ ಇದ್ದವು. ಈ ಸಲ ಆರು ಸಾವಿರ ಟಿಕೆಟ್ಟು. ಅರ್ಧ ಜನ ಆಗಲೇ ದೂರದೂರುಗಳ ಬಸ್ಸು ಹತ್ತಿದ್ದರು. ಎರಡು ಗಂಟೆಗೆ ಬಾಗಿಲು ತೆರೆಯಬೇಕು. ಅಷ್ಟರೊಳಗೆ ಮಾಪಕ ಸಿಗಲೇಬೇಕು.

ಏಳು ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಎಂಟು ಗಂಟೆಗೆ ಇನ್‌ಸ್ಪೆಕ್ಟರು ಮೈದಾನದಲ್ಲಿದ್ದರು. ಜೊತೆಗೆ ಹೆಡ್ ಕಾನ್ಸ್‌ಟೇಬಲ್. ಆಕೆಯನ್ನು ಠಾಣೆಯಲ್ಲಿ ಎಲ್ಲರೂ ಕರೆಯುವುದು ಫೈಲಕ್ಕ ಎಂದು. ಯಾವ ಕಾಗದ ಯಾವ ಕಪಾಟಿನ ಯಾವ ಅರೆಯಲ್ಲಿದೆ ಎಂಬುದು ಆಕೆಯ ಬೆರಳ ತುದಿಗೆ ಗೊತ್ತು.

ವೇದಿಕೆಗೆ ಎದುರಾಗಿ, ಮನೆಗಳ ಸಾಲಿನ ಮುಂದೆ ಆಳೆತ್ತರದ ಕಂಬ. ಅದರ ನಡುವಿಗೆ ತಗಡಿನ ಪೆಟ್ಟಿಗೆ. ಪಂಚರಿಬ್ಬರನ್ನು ನಿಲ್ಲಿಸಿಕೊಂಡು ಫೈಲಕ್ಕ ಸ್ಥಳ ಪಂಚನಾಮೆ ಬರೆಯತೊಡಗಿದರು. ಬೀಗ ಒಡೆದಿಲ್ಲ. ಚೌಕ ತಲೆಯ ಕೀಲಿಯಿಂದ ತೆರೆದು, ಮತ್ತೆ ಮುಚ್ಚಿದ್ದಾರೆ. ಒಳಗಿನ ತಂತಿಯನ್ನು ಕಿತ್ತಿಲ್ಲ, ತಿರುಗಿಸಿ ಬಿಡಿಸಿದ್ದಾರೆ. ತಂತಿಯ ಬಾಯಿಗೆ ನೀರು ಇಳಿಯದ ಹಾಗೆ ಬಿಳಿ ಟೇಪು ಸುತ್ತಿದ್ದಾರೆ.

"ಕದಿಯೋನಿಗೆ ಇಷ್ಟೊಂದು ಕಾಳಜಿನಾ?" ಎಂದರು ಇನ್‌ಸ್ಪೆಕ್ಟರು.

"ತವರಿಗೆ ಹೋಗೋ ಸೊಸೆ ಒಲೆ ಆರಿಸಿ ಹೋದ ಹಾಗಿದೆ ಸಾರ್," ಎಂದರು ಫೈಲಕ್ಕ. "ವಾಪಸ್ ಬರೋ ಲೆಕ್ಕಾಚಾರ."

ಇನ್‌ಸ್ಪೆಕ್ಟರು ಬಾಗಿ ನೋಡಿದರು. ಔಷಧಿ ಅಂಗಡಿಯಲ್ಲಿ ಸಿಗುವ ಗಾಯದ ಟೇಪು. ಅದರ ತುದಿಯನ್ನು ಅರ್ಧ ಬೆರಳಷ್ಟು ಒಳಕ್ಕೆ ಮಡಚಿ ಅಂಟಿಸಿತ್ತು. ಎಳೆದರೆ ಥಟ್ಟನೆ ಬಿಚ್ಚಿಕೊಳ್ಳುವ ಹಾಗೆ. ಆ ಮಡಿಕೆಯನ್ನು ಎಲ್ಲೋ ನೋಡಿದ್ದೇನೆ ಎನಿಸಿತು. ಎಲ್ಲಿ ಎಂಬುದು ಹೊಳೆಯಲಿಲ್ಲ.

ಕಂಬದ ಎದುರು ಮನೆಯ ನಿವೃತ್ತ ಮೇಷ್ಟ್ರು ಸಂಗೀತದ ವೈರಿ ಎಂಬುದು ಊರಿಗೇ ಗೊತ್ತಿದ್ದದ್ದು. ಮೊದಲ ವಿಚಾರಣೆ ಅವರದೇ.

"ಬೆಳಿಗ್ಗೆ ಎಷ್ಟು ಗಂಟೆಗೆ ಎದ್ರಿ?"

"ಏಳಕ್ಕೆ."

"ಮೀಟರ್ ಮುಟ್ಟಿದ್ರಾ?"

"ನನ್ನ ಮನೆ ಕಾಯೋ ನಾಯಿಗೆ ನಾನೇ ವಿಷ ಹಾಕ್ತೀನಾ? ಆ ಕಂಬ ಇದೆ ಅಂತ ಇವರು ಒಂದಿಷ್ಟು ಹದ್ದುಬಸ್ತಲ್ಲಿದ್ದಾರೆ. ಮೊದಲು ಹುಡುಕಿಕೊಡಿ," ಎಂದು ಮೇಷ್ಟ್ರು ಬಾಗಿಲು ಹಾಕಿಕೊಂಡರು.

ಒಂಬತ್ತಕ್ಕೆ ಶುರುವಾಗಬೇಕಿದ್ದ ಸೌಂಡ್ ಚೆಕ್ ಆಗಲಿಲ್ಲ. ಡ್ರಮ್ ಬಾರಿಸುವವನು ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತ. ಮೈದಾನದಲ್ಲಿ ಹನಿ ಬೀಳುವುದು ಕೇಳಿಸುವಷ್ಟು ಮೌನ. ಆ ಮೌನದಲ್ಲಿ ಆಯೋಜಕನ ಫೋನು ಮಾತ್ರ ಗಳಿಗೆಗೊಮ್ಮೆ ಬಡಿದುಕೊಳ್ಳುತ್ತಿತ್ತು. ಚೌಕ ಕೀಲಿ ಇಟ್ಟುಕೊಳ್ಳುವವರನ್ನೆಲ್ಲ ಒಂದು ಕಡೆಯಿಂದ ವಿಚಾರಿಸಿದರು. ವಿದ್ಯುತ್ ಇಲಾಖೆಯ ಲೈನ್‌ಮನ್ ರಜೆಯಲ್ಲಿದ್ದ. ನೀರಿನ ವಾಲ್ವ್ ತಿರುಗಿಸುವವನ ಕೀಲಿ ಆ ಬೀಗಕ್ಕೆ ದಪ್ಪವಾಯಿತು. ಹತ್ತೂವರೆಯಾಯಿತು. ಮೇಲಧಿಕಾರಿಗಳು ಎರಡು ಸಲ ಫೋನ್ ಮಾಡಿ, ಎರಡು ಸಲವೂ "ಏನಾದ್ರೂ ಮಾಡಿ" ಎಂದರು. ಆ 'ಏನಾದರೂ' ಎಂಬುದು ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೇಳುವ ಆಸೆಯನ್ನು ಇನ್‌ಸ್ಪೆಕ್ಟರು ನುಂಗಿಕೊಂಡರು.

ಠಾಣೆಗೆ ಮರಳಿ ಬಂದೋಬಸ್ತಿನ ಪಟ್ಟಿ ಬಿಚ್ಚಿದರು. ಷರತ್ತು ಹನ್ನೊಂದು: ಮೂರು ಗಂಟೆಯಿಂದ ಒಂದು ಆಂಬುಲೆನ್ಸು, ಚಾಲಕನ ಸಮೇತ, ಮೈದಾನದಲ್ಲಿರತಕ್ಕದ್ದು. ಆಂಬುಲೆನ್ಸ್ ಎಂಬ ಪದದ ಮೇಲೆ ಅವರ ಬೆರಳು ನಿಂತಿತು.

"ಫೈಲಕ್ಕ, ಆಂಬುಲೆನ್ಸಲ್ಲಿ ಗಾಯದ ಟೇಪು ಇರುತ್ತೆ. ಆಕ್ಸಿಜನ್ ಸಿಲಿಂಡರ್ ತೆಗೆಯೋ ಕೀಲೀನೂ ಚೌಕದ್ದೇ ಅಲ್ವಾ?"

ಫೈಲಕ್ಕ ಎದ್ದು ಕಪಾಟಿನ ಕೆಳಗಿನ ಅರೆಯಿಂದ ಒಂದು ದಪ್ಪ ಫೈಲು ತಂದು ಮೇಜಿನ ಮೇಲಿಟ್ಟರು. ಒಬ್ಬನೇ ಬರೆದ ಇಪ್ಪತ್ತೆರಡು ದೂರು. ಪ್ರತಿಯೊಂದರ ಹಾಳೆಗಳನ್ನೂ ಪಿನ್ನಿನ ಬದಲು ಬಿಳಿ ಟೇಪಿನಿಂದ ಕೂಡಿಸಿತ್ತು. ಪ್ರತಿ ಟೇಪಿನ ತುದಿಯೂ ಒಳಕ್ಕೆ ಮಡಚಿತ್ತು.

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಕತೆ. ಇನ್‌ಸ್ಪೆಕ್ಟರು ಹಾಳೆ ತಿರುವಿದರು. ಎಲ್ಲದರ ಕೆಳಗೂ ಒಂದೇ ಷರಾ: 'ಕಂಬದ ಬಳಿ ಶಬ್ದ ಮಿತಿಯೊಳಗಿದೆ. ಮುಕ್ತಾಯ.' ಷರಾದ ಕೆಳಗೆ ಅವರದೇ ಸಹಿ.

"ರಾತ್ರಿ ಪಾಳಿ ಆಂಬುಲೆನ್ಸ್ ಡ್ರೈವರ್ ಸಾರ್," ಎಂದರು ಫೈಲಕ್ಕ. "ಬೆಳಿಗ್ಗೆ ಡ್ಯೂಟಿ ಮುಗಿಸಿ ಹೋಗ್ತಾ ನಮ್ಮ ಪೆಟ್ಟಿಗೆಗೆ ಹಾಕಿ ಹೋಗ್ತಾನೆ. ಹಗಲು ಮಲಗಬೇಕು, ಒಂಬತ್ತಕ್ಕೆ ಸೌಂಡ್ ಚೆಕ್ ಶುರು ಆಗುತ್ತೆ ಅನ್ನೋದೇ ದೂರು. ಕೊನೇದು ಓದಿ."

ಕೊನೆಯ ದೂರು ಎರಡೇ ಸಾಲಿನದು. 'ನಿನ್ನೆ ರಾತ್ರಿ ಸೇತುವೆಯ ಬಳಿ ಗಾಡಿ ಓಡಿಸುವಾಗ ಕಣ್ಣು ಹತ್ತಿತು. ಒಳಗೆ ರೋಗಿ ಇದ್ದರು.' ಹದಿನೈದು ದಿನದ ಹಿಂದಿನ ತಾರೀಕು. ಅದರ ಕೆಳಗೂ ಮಿತಿಯೊಳಗಿದೆ, ಮುಕ್ತಾಯ, ಸಹಿ.

"ಇದನ್ನ ನಾನು ಓದಿದ್ನಾ?"

"ಸಹಿ ಮಾಡಿದ್ರಿ ಸಾರ್," ಎಂದರು ಫೈಲಕ್ಕ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ವೇದಿಕೆಯ ಬೆನ್ನಿಗೇ, ಒಂದು ಗೋಡೆಯ ಆಚೆ. ಮಾಪಕವನ್ನು ಗುರುತಿಸಲು ಶಬ್ದಮಾಪನ ಅಧಿಕಾರಿಯೂ ಜೀಪು ಹತ್ತಿದ್ದರು. ಅವರು ಆ ಗೋಡೆಯನ್ನೂ ಹಿಂದಿನ ಕಿಟಕಿಯನ್ನೂ ನೋಡಿ ಗಂಟಲು ಸರಿಮಾಡಿಕೊಂಡರು.

"ತಗ್ಗಿನ ದನಿ ಇದೆಯಲ್ಲ ಸಾರ್, ಡ್ರಮ್ಮಿಂದು... ಅದಕ್ಕೆ ಮುಖ, ಬೆನ್ನು ಅಂತ ಇರಲ್ಲ. ಎಲ್ಲಾ ಕಡೆ ಹೋಗುತ್ತೆ."

"ಮತ್ತೆ ಕಂಬ ಯಾಕೆ ಮುಂದೆ ಮಾತ್ರ ಇದೆ?"

"ಷರತ್ತು ಒಂಬತ್ತು," ಎಂದರು ಅಧಿಕಾರಿ, ಈ ಸಲ ಸಣ್ಣ ದನಿಯಲ್ಲಿ.

ಬಾಗಿಲು ಬಡಿದರು. ಯಾರೂ ತೆರೆಯಲಿಲ್ಲ. ಜೋರಾಗಿ ಬಡಿದರು. ಮುಂದಿನ ಕೋಣೆಯಿಂದ ಬಂದ ಹೆಂಗಸಿನ ಕೊರಳಲ್ಲಿ ಅಳತೆಯ ಟೇಪು, ತುಟಿಯಲ್ಲಿ ಗುಂಡುಪಿನ್ನು. ಪಿನ್ನು ತೆಗೆದು ಹೇಳಿದಳು, "ಮೆಲ್ಲಗೆ. ನಮ್ಮ ತಮ್ಮ ಮಲಗಿದ್ದಾನೆ. ಎಷ್ಟೋ ತಿಂಗಳಾದ ಮೇಲೆ ಇವತ್ತು ಸದ್ದಿಲ್ಲ. ಅವನಿಗೋಸ್ಕರ ನಾನು ಹೊಲಿಗೆ ಮಿಷನ್ನೂ ತುಳಿದಿಲ್ಲ."

"ಏಳಿಸಿ," ಎಂದರು ಇನ್‌ಸ್ಪೆಕ್ಟರು.

"ನೀವೇ ಏಳಿಸಿ. ನನ್ನ ಕೈಲಾಗಲ್ಲ," ಎಂದು ಆಕೆ ಪಕ್ಕಕ್ಕೆ ಸರಿದಳು.

ಕಿಟಕಿಗೆ ಹಾಸಿಗೆಯನ್ನೇ ಒರಗಿಸಿ ಕತ್ತಲೆ ಮಾಡಿದ್ದ ಕೋಣೆ. ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಸಮವಸ್ತ್ರದಲ್ಲೇ ಬಿದ್ದ ಮನುಷ್ಯ. ಕೊಯ್ದ ಪೈರಿನ ಹಾಗೆ ಕೈಕಾಲು ಚೆಲ್ಲಿ ಮಲಗಿದ್ದ. ದಿಂಬಿನ ಪಕ್ಕದಲ್ಲಿ, ಒಗೆದ ಟವೆಲಿನ ಮೇಲೆ ಶಬ್ದಮಾಪಕ. ಅದರ ಹಸಿರು ಅಂಕಿ ಮೂವತ್ತೊಂದು, ಮೂವತ್ತು, ಮೂವತ್ತೊಂದು ಎಂದು ಅವನ ಉಸಿರನ್ನೇ ಅಳೆಯುತ್ತಿದ್ದಂತಿತ್ತು.

ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಇನ್‌ಸ್ಪೆಕ್ಟರು ಓಡುವವರನ್ನು ಹಿಡಿದಿದ್ದರು, ಅಡಗಿದವರನ್ನು ಎಳೆದಿದ್ದರು. ಹೀಗೆ ಮಲಗಿದವನ ಮುಂದೆ ನಿಂತದ್ದು ಇದೇ ಮೊದಲು. ಬೆಳಿಗ್ಗೆಯಿಂದ ಕುದಿಯುತ್ತಿದ್ದ ಸಿಟ್ಟನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಆಮೇಲೆ ಕುಕ್ಕರಗಾಲಲ್ಲಿ ಕೂತು ಅವನ ಭುಜ ಮುಟ್ಟಿದರು. ಅವನು ಕಣ್ಣು ಬಿಡುವ ಮೊದಲೇ ಕೇಳಿದ, "ಯಾವ ವಿಳಾಸ?"

ಅವನು ಏನನ್ನೂ ಮುಚ್ಚಿಡಲಿಲ್ಲ.

"ಯಾಕೆ ತಗೊಂಡೆ?"

"ಅಳೆಯೋಕೆ."

"ಏನನ್ನ?"

"ದಿಂಬಿನ ಹತ್ರ ಎಷ್ಟು ಬರುತ್ತೆ ಅಂತ. ಕಂಬದ ಹತ್ರ ಮಿತಿಯೊಳಗಿದೆ ಅಂತ ಠಾಣೆ ಬೋರ್ಡಿಗೆ ಅಂಟಿಸ್ತಿದ್ರಲ್ಲ ಸಾರ್. ನಾನು ಕಂಬದ ಮೇಲೆ ಮಲಗಲ್ಲ."

"ಮೀಟರ್ ಇಲ್ಲ ಅಂದ್ರೆ ಕಾರ್ಯಕ್ರಮ ನಿಲ್ಲುತ್ತೆ ಅಂತ ಗೊತ್ತಿರಲಿಲ್ವಾ?"

"ಇಲ್ಲ ಸಾರ್. ಒಂಬತ್ತಕ್ಕೆ ಡ್ರಮ್ ಶುರು ಆಗುತ್ತೆ, ಅಂಕಿ ಬರ್ಕೊಂಡು ಹನ್ನೆರಡಕ್ಕೆ ವಾಪಸ್ ಇಡೋಣ ಅಂತಿದ್ದೆ. ಕಾದೆ. ಒಂಬತ್ತೂಕಾಲು ಆಯ್ತು. ಸದ್ದೇ ಇಲ್ಲ. ಆಮೇಲೆ ಗೊತ್ತಿಲ್ಲ."

ನಗು ಮುಚ್ಚಲು ಸೆರಗಿಲ್ಲದ್ದಕ್ಕೆ ಫೈಲಕ್ಕ ಬಾಯಿಗೆ ಟೋಪಿ ಅಡ್ಡ ಹಿಡಿದರು. ತನ್ನ ನಿದ್ದೆ ಕೆಡಿಸುವ ಸದ್ದನ್ನು ಅಳೆಯಲು ಹೋದವನು, ಅಳೆಯುವ ಕೋಲನ್ನೇ ತಂದು ಸದ್ದನ್ನು ನಿಲ್ಲಿಸಿದ್ದ.

"ಸೇತುವೆ ಹತ್ರ ಏನಾಯ್ತು?"

ಅವನು ತನ್ನ ಅಂಗೈ ನೋಡಿಕೊಂಡ. "ಹೆರಿಗೆ ನೋವಿನ ಹೆಂಗಸು ಸಾರ್. ಗಾಡಿ ಸೇತುವೆ ಕಲ್ಲಿಗೆ ಉಜ್ಜಿತು. ಆಕೆ ಹಿಂದಿನಿಂದ ಅಣ್ಣಾ ಅಂತ ಕೂಗಿದ್ಳು. ಅದಕ್ಕೆ ಎಚ್ಚರ ಆಯ್ತು. ಇವತ್ತೂ ಮೂರು ಗಂಟೆಗೆ ಮೈದಾನದ ಡ್ಯೂಟಿ ನಂದೇ. ರಾತ್ರಿ ಮತ್ತೆ ಪಾಳಿ. ಆ ಅಂಕಿ ತೋರಿಸಿದ್ರೆ ಯಾರಾದ್ರೂ ನಂಬ್ತಾರೇನೋ ಅಂತ."

ಇನ್‌ಸ್ಪೆಕ್ಟರಿಗೆ ಅಜ್ಜಿಯ ಮಾತು ನೆನಪಾಯಿತು. ಕಣ್ಣಿಗೆ ರೆಪ್ಪೆ ಕೊಟ್ಟ ದೇವರು ಕಿವಿಗೆ ಕೊಡಲಿಲ್ಲ, ಕರೆದವರ ದನಿ ನಿದ್ದೆಯಲ್ಲೂ ಕೇಳಲಿ ಅಂತ, ಎನ್ನುತ್ತಿದ್ದಳು ಆಕೆ. ಈ ಮನುಷ್ಯ ನಿದ್ದೆಯಲ್ಲಿ ಕೇಳಿಸಿಕೊಂಡಿದ್ದ. ತಾವು ಎಚ್ಚರವಾಗಿದ್ದೂ ಇಪ್ಪತ್ತೆರಡು ಸಲ ಕೇಳಿಸಿಕೊಂಡಿರಲಿಲ್ಲ.

ಜಪ್ತಿ ಪಂಚನಾಮೆಗೆ ಅಧಿಕಾರಿ ಮಾಪಕದ ನೆನಪಿನಲ್ಲಿದ್ದ ಅಂಕಿಗಳನ್ನು ಓದಿ ಬರೆಸಿದರು. "ಬೆಳಿಗ್ಗೆ ಏಳರಿಂದ ಸರಾಸರಿ ಮೂವತ್ತೊಂದು. ಅತಿ ಹೆಚ್ಚು ತೊಂಬತ್ತೊಂದು, ಹನ್ನೊಂದು ನಲವತ್ತೆರಡಕ್ಕೆ." ಅವರು ತಲೆಯೆತ್ತಿದರು. "ತೊಂಬತ್ತೊಂದು? ಇದು ಮಿತಿ ಮೀರಿದೆ. ಯಾವ ಸದ್ದಿದು?"

"ಅದು ನಾವು ಸಾರ್," ಎಂದರು ಫೈಲಕ್ಕ. "ಬಾಗಿಲು ಬಡಿದದ್ದು."

"ಬರೀರಿ," ಎಂದರು ಇನ್‌ಸ್ಪೆಕ್ಟರು. "ಹಾಗೇ ಬರೀರಿ."

ಹನ್ನೆರಡು ಇಪ್ಪತ್ತಕ್ಕೆ ಬಂಧನದ ಪತ್ರಕ್ಕೆ ಅವನು ಸಹಿ ಮಾಡಿದ. ಕಳವು ಕಳವೇ, ಅದರಲ್ಲಿ ಇನ್‌ಸ್ಪೆಕ್ಟರು ರಿಯಾಯಿತಿ ತೋರಿಸಲಿಲ್ಲ. ಮುಚ್ಚಳಿಕೆ ಬರೆಸಿಕೊಂಡು ಮಾಪಕವನ್ನು ಅಧಿಕಾರಿಯ ವಶಕ್ಕೆ ಕೊಟ್ಟರು. ಒಂದೂಕಾಲಕ್ಕೆ ಅದು ಕಂಬ ಏರಿತು. ಆದರೆ ಹೊಸ ತಲೆನೋವು ಆಗಲೇ ಕಾದಿತ್ತು: ಷರತ್ತು ಹನ್ನೊಂದರ ಚಾಲಕನನ್ನು ಅವರೇ ಬಂಧಿಸಿಯಾಗಿತ್ತು. ಆಸ್ಪತ್ರೆಯ ಮೇಲ್ವಿಚಾರಕರಿಗೆ ಫೋನ್ ಮಾಡಿದರು.

"ಇನ್ನೊಬ್ಬ ಡ್ರೈವರ್ ಬೇಕು. ನಿದ್ದೆ ಮಾಡಿರೋನು."

"ಅಂಥವರು ಎಲ್ಲಿ ಸಿಗ್ತಾರೆ ಸಾರ್?"

"ಹುಡುಕಿ. ಇಲ್ಲಾಂದ್ರೆ ಹದಿನೈದು ದಿನದ ಹಿಂದೆ ಸೇತುವೆ ಹತ್ರ ಗಾಡಿ ಉಜ್ಜಿದ ಕೇಸನ್ನ ನಾನು ಬರೀತೀನಿ. ಪಾಳಿ ಹಾಕಿದವರ ಹೆಸರಿನ ಮೇಲೆ."

ಎರಡೂವರೆಗೆ, ಹಗಲು ಪಾಳಿಯ ಒಬ್ಬ ಹಿರಿಯ ಚಾಲಕ ಆಕಳಿಸದೆ ಬಂದು ನಿಂತ. ಬಾಗಿಲುಗಳು ಆಗಲೇ ತೆರೆದಿದ್ದವು. ಸಾಲು ನಿಧಾನವಾಗಿ ಸರಿಯುತ್ತಿತ್ತು. ಕಬ್ಬಿಣದ ಬೇಲಿ ಇದ್ದಲ್ಲೇ ಇತ್ತು. ಹನಿ ಕೂಡ ಹೊಸಿಲು ಬಿಟ್ಟು ಹೊರಟುಹೋಗಿತ್ತು.

ಸಂಜೆ ಆರಕ್ಕೆ, ಚಾಲಕನ ಅಕ್ಕ ಬಂದು ಜಾಮೀನಿಗೆ ಸಹಿ ಮಾಡಿದಳು. ದೂರದಿಂದ ಡ್ರಮ್ಮಿನ ಸದ್ದು ಠಾಣೆಯ ಕಿಟಕಿಯ ಗಾಜನ್ನು ಮೆಲ್ಲಗೆ ತಟ್ಟುತ್ತಿತ್ತು. ಇನ್‌ಸ್ಪೆಕ್ಟರು ಮೇಜಿನ ಮೇಲೆ ಒಂದು ಪತ್ರ ಬರೆದು ಮುಗಿಸಿದ್ದರು: ಮುಂದಿನ ಪರವಾನಗಿಯಲ್ಲಿ ಹಿಂಭಾಗಕ್ಕೂ ಒಂದು ಕಂಬ ಬೇಕು, ಮಧ್ಯಾಹ್ನ ಎರಡರ ಮೊದಲು ಸೌಂಡ್ ಚೆಕ್ ಬೇಡ. ಮಾನ್ಯವಾಗುತ್ತದೋ ಇಲ್ಲವೋ ದೇವರಿಗೇ ಗೊತ್ತು. ಶಬ್ದಮಾಪನ ಅಧಿಕಾರಿ ಮಾತ್ರ ಅದಕ್ಕೆ ಹೊಸ ಷರತ್ತಿನ ಸಂಖ್ಯೆ ಏನೆಂದು ಕೇಳಿ ಹೋಗಿದ್ದರು.

ಚಾಲಕ ಹೊರಡಲು ಎದ್ದ. ಇನ್‌ಸ್ಪೆಕ್ಟರು ಫೈಲಕ್ಕನ ಕಡೆ ನೋಡಿದರು. ಆಕೆ ಮಧ್ಯಾಹ್ನವೆಲ್ಲ ಕೂತು ಬರೆದ ಚೀಟಿಗಳ ಕಟ್ಟನ್ನು ತಂದಿಟ್ಟರು. ದೂರು ಕೊಟ್ಟವನಿಗೆ ಅಂದೇ ಕೈಗೆ ಕೊಡಬೇಕಾದ ಸ್ವೀಕೃತಿ ಚೀಟಿಗಳು. ಇವನು ಹಗಲು ಬರಲಾರ, ಠಾಣೆಯವರು ಕಳಿಸಲಿಲ್ಲ, ಒಂದೂ ತಲುಪಿರಲಿಲ್ಲ. ಪ್ರತಿಯೊಂದರ ಮೇಲೂ ಮೊಹರು, ಇಂದಿನ ತಾರೀಕು, ಸಹಿ. ಈ ಸಲ ಓದಿ ಮಾಡಿದ ಸಹಿ.

"ಇದು ನಿನಗೆ ಬರಬೇಕಾಗಿದ್ದು," ಎಂದರು ಇನ್‌ಸ್ಪೆಕ್ಟರು. "ತಡ ಆಯ್ತು."

ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಜೇಬಿನಿಂದ ಬಿಳಿ ಟೇಪಿನ ಸುರುಳಿ ತೆಗೆದು, ಇಪ್ಪತ್ತೆರಡನ್ನೂ ಅಂಚು ಕೂಡಿಸಿ ಒಂದು ಸುತ್ತು ಸುತ್ತಿ, ತುದಿಯನ್ನು ಅರ್ಧ ಬೆರಳಷ್ಟು ಒಳಕ್ಕೆ ಮಡಚಿ ಒತ್ತಿದ. ಆಮೇಲೆ ಅಕ್ಕನ ಹಿಂದೆ ಮೆಟ್ಟಿಲಿಳಿದು ಹೋದ.