ಏಳನೆಯ ಹೆಸರು

ಪುಸ್ತಕದ ಕೊನೆಯಲ್ಲಿ ಕೃತಜ್ಞತೆಯ ಪುಟವೊಂದಿತ್ತು. ಅದರಲ್ಲಿ ಹನ್ನೊಂದು ಹೆಸರು. ಪಾಂಡುರಂಗ ಮಾಸ್ತರರದು ಏಳನೆಯದು. ಮುಖಪುಟಕ್ಕೆ ಬಣ್ಣ ಆರಿಸಿಕೊಟ್ಟವನ ಕೆಳಗೆ, ಬಿಡುಗಡೆಯ ದಿನ ಊಟದ ವ್ಯವಸ್ಥೆ ನೋಡಿಕೊಂಡವನ ಮೇಲೆ. ‘ಕೆಲವು ಮಾಹಿತಿ ಒದಗಿಸಿದ’ ಎಂಬ ಮೂರು ಪದಗಳನ್ನು ಅವರ ಹೆಸರಿನ ಹಿಂದೆ ಅಂಟಿಸಲಾಗಿತ್ತು.

ಆ ‘ಕೆಲವು ಮಾಹಿತಿ’ ಎಂದರೆ ಮೂವತ್ತೊಂದು ವರ್ಷ, ಹದಿನಾಲ್ಕು ನೋಟ್‌ಬುಕ್ಕು. ಕಿತ್ತೂರು ಸೀಮೆಗೆ ಬಂದ ಬಂದೂಕುಗಳ ಇಡೀ ಇತಿಹಾಸ. ಬತ್ತಿ ಹೊತ್ತಿಸಿ ಸಿಡಿಸುವ ಹಳೆಯವು, ಆಮೇಲೆ ಬಂದ ಚಕಮಕಿ ಕಲ್ಲಿನ ಮಸ್ಕೆಟ್ಟುಗಳು, ಅವುಗಳ ಸೀಸದ ಗುಂಡು, ಮದ್ದು ಮತ್ತು ಗುಂಡನ್ನು ಒಟ್ಟಿಗೆ ಕಾಗದದಲ್ಲಿ ಸುತ್ತಿದ ಕಾಡತೂಸು. ಬೈಲಹೊಂಗಲದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತ, ರಜೆ ಬಂದರೆ ಹೂಲಿ, ದೊಡವಾಡ, ರಾಮದುರ್ಗ ಎಂದು ಹಳೆಯ ವಾಡೆಗಳ ಅಟ್ಟ ಹತ್ತಿಳಿಯುತ್ತ ಅವರು ಇದನ್ನೆಲ್ಲ ಕೂಡಿಹಾಕಿದ್ದರು. ರಾಮದುರ್ಗದ ಒಂದು ಅಟ್ಟದಿಂದ ಬಿದ್ದು ಮುಂದಿನ ಹಲ್ಲಿನ ಮೂಲೆ ಮುರಿದುಕೊಂಡರು. ಮದುವೆಯಾಗುವುದು ಈ ಗಡಿಬಿಡಿಯಲ್ಲಿ ಹಾಗೇ ಉಳಿದುಹೋಯಿತು. ತಾಯಿ ತಾರಾಬಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಾಡುವುದು ರೇಡಿಯೊ ಒಂದೇ.

ಪುಸ್ತಕ ಬರೆದವನೆಂದು ಹೆಸರು ಹಾಕಿಸಿಕೊಂಡ ನಿಜಗುಣಪ್ಪನಿಗೆ ಊರಲ್ಲಿ ಮುದ್ರಣಾಲಯವಿತ್ತು, ಮನೋಳಿಯಲ್ಲಿ ಹೊಳೆದಂಡೆಯ ಹೊಲವಿತ್ತು. ಹನ್ನೆರಡು ವರ್ಷ ಪ್ರತಿ ಗುರುವಾರ ಸಂಜೆ ಮಾಸ್ತರರ ಮನೆಗೆ ಬಂದು ಕೂತು ಕೇಳಿದವನು ಅವನು. ಮಸ್ಕೆಟ್ಟಿನ ಮಾತನ್ನು ಆಕಳಿಸದೆ ಕೇಳಿದ ಮನುಷ್ಯ ಈ ಭೂಮಿಯ ಮೇಲೆ ಅವನೊಬ್ಬನೇ. ಟೈಪ್ ಮಾಡಿಸುತ್ತೇನೆಂದು ನೋಟ್‌ಬುಕ್ಕುಗಳನ್ನು ಒಯ್ದ. ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವದ ವೇದಿಕೆಯ ಮೇಲೆ ಆ ಪುಸ್ತಕಕ್ಕಾಗಿ ಶಾಲು ಹೊದ್ದು ನಿಂತ. ಆಮೇಲೆ ಗುರುವಾರ ಬರುವುದನ್ನೂ ಬಿಟ್ಟ. ಮಾಸ್ತರರು ಮೂರು ಗುರುವಾರ ಎರಡು ಕಪ್ ಚಹಾ ಮಾಡಿ ಎರಡನ್ನೂ ತಾವೇ ಕುಡಿದರು. ನಾಲ್ಕನೆಯ ಗುರುವಾರ ಪ್ರೆಸ್ಸಿಗೆ ಹೋದರು.

“ಪುಸ್ತಕಾ ಹೊರಗ ಬಂತಲ್ರೀ ಗುರುಗಳ,” ಎಂದ ನಿಜಗುಣಪ್ಪ, ಪ್ರೂಫಿನಿಂದ ತಲೆ ಎತ್ತದೆ. “ಹೆಸರ ಯಾರದಿದ್ರ ಏನಾತು? ನನಗ ಮಕ್ಕಳು ಮೊಮ್ಮಕ್ಕಳು ಅದಾರ, ನಮ್ಮಜ್ಜ ಬರದಾನ ಅಂತ ಹೇಳ್ಕೋತಾರ. ನಿಮ್ಮ ಹಿಂದ ಯಾರ ಅದಾರ ಹೇಳ್ರಿ?”

ಅದನ್ನವನು ಕೆಟ್ಟದ್ದಾಗಿ ಹೇಳಲಿಲ್ಲ. ಲೆಕ್ಕ ತಿಳಿಸುವವನ ಹಾಗೆ ಹೇಳಿದ. ಮಾಸ್ತರರಿಗೆ ತಡೆಯಲಾಗದ್ದು ಅದೇ. ಮನೆಗೆ ನಡೆದು ಬರುವಷ್ಟರಲ್ಲಿ ಅವನನ್ನು ಕೊಲ್ಲುವುದೆಂದು ನಿರ್ಧಾರವಾಗಿತ್ತು.

ಉಳಿದದ್ದು ಬರೀ ಪಾಠದ ತಯಾರಿ. ಇಂದಿನ ಬಂದೂಕಿನ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ. ಅವು ಗುಂಡಿನ ಮೇಲೆ ತಮ್ಮ ಗುರುತು ಕೆತ್ತಿಯೇ ಕಳಿಸುತ್ತವೆ, ಪೊಲೀಸರ ಪ್ರಯೋಗಾಲಯ ಅದನ್ನು ಓದುತ್ತದೆ. ಮಸ್ಕೆಟ್ಟಿನ ನಳಿಗೆ ಒಳಗೆಲ್ಲ ನುಣುಪು. ಅದರಿಂದ ಹೊರಬಿದ್ದ ಸೀಸದ ಉಂಡೆ ಯಾರ ಹೆಸರನ್ನೂ ಹೇಳುವುದಿಲ್ಲ. ಮನೋಳಿಯ ಕಬ್ಬಿಗೆ ಹಂದಿಗಳ ಕಾಟ. ಕಳ್ಳಬಂದೂಕು ಇಟ್ಟುಕೊಂಡವರು ಬೆಳಗಿನ ಜಾವ ಹೊಂಚು ಹಾಕುತ್ತಾರೆಂಬುದು ಎಲ್ಲರಿಗೂ ಗೊತ್ತು. ಅವರ ಬಂದೂಕಿನ ನಳಿಗೆಯೂ ನುಣುಪೇ, ಗುಂಡೂ ಸೀಸದ್ದೇ. ಹಂದಿಗೆ ಹೊಡೆದದ್ದು ಮನುಷ್ಯನಿಗೆ ತಗಲಿತು ಎಂದು ಊರೇ ತೀರ್ಪು ಕೊಡುತ್ತದೆ.

ಮಾಸ್ತರರ ಬಳಿ ಎರಡು ಮಸ್ಕೆಟ್ಟುಗಳಿದ್ದವು. ಒಂದು ಊರಿಗೆಲ್ಲ ಗೊತ್ತಿದ್ದದ್ದು, ಕಿಡಿ ಹಾರಿಸುವ ಕೀಲು ತುಕ್ಕು ಹಿಡಿದು ಸತ್ತದ್ದು. ಅದನ್ನು ಹಿಡಿದು ಮೂವತ್ತು ವರ್ಷ ಅವರು ಎಂಟನೆಯ ತರಗತಿಗೆ ಸಿಪಾಯಿಯ ಕವಾಯತು ತೋರಿಸಿದ್ದರು. ಕಾಗದದ ಕಾಡತೂಸಿಗೆ ಮದ್ದಿನ ಬದಲು ಜೋಳದ ಹಿಟ್ಟು. ಹಲ್ಲಿನಿಂದ ತುದಿ ಕಚ್ಚಿ ಹರಿ, ಎಡಕ್ಕೆ ಉಗುಳು, ಕಿಡಿ ಬೀಳುವ ಬಟ್ಟಲಿಗೆ ಚಿಟಿಕೆ, ನಳಿಗೆಗೆ ಉಳಿದದ್ದು, ಸಲಾಕೆಯಿಂದ ಗಿಡಿ. “ಮುಂದಿನ ಹಲ್ಲ ಇಲ್ಲದವನ್ನ ಕಂಪನಿ ಫೌಜಿಗೆ ಸೇರಿಸ್ಕೋತಿದ್ದಿಲ್ಲ, ಯಾಕ ಹೇಳ್ರಿ?” ಎಂದು ಕೇಳಿ, ಯಾರೂ ಹೇಳದಿದ್ದಾಗ ತಾವೇ ಹೇಳಿ ಖುಷಿಪಡುತ್ತಿದ್ದರು. ಪಾಠ ಮುಗಿಯುವಷ್ಟರಲ್ಲಿ ಉಗುಳಿದ ಚೂರು ನೆಲದ ಮೇಲೆ ಇರುತ್ತಿರಲಿಲ್ಲ.

ಇನ್ನೊಂದು ಹೂಲಿಯಲ್ಲಿ ಮನೆಯೊಂದನ್ನು ಕೆಡವಿದಾಗ ತೊಲೆಗಳ ಸಂದಿಯಲ್ಲಿ ಸಿಕ್ಕಿತ್ತು. ಕಟ್ಟಿಗೆಯ ಹೊರೆಯ ಜೊತೆ ಅದನ್ನು ಮನೆಗೆ ತಂದದ್ದು ಯಾರಿಗೂ ಗೊತ್ತಿಲ್ಲ. ಹದಿನೈದನೆಯ ನೋಟ್‌ಬುಕ್ಕಿನಲ್ಲಿ ಬರೆಯಬೇಕೆಂದಿದ್ದರು, ಆದ್ದರಿಂದ ನಿಜಗುಣಪ್ಪನಿಗೂ ಗೊತ್ತಿಲ್ಲ. ಅದರ ಕೀಲು ಜೀವಂತವಾಗಿತ್ತು.

ಸೀಸಕ್ಕೆ ಮೀನುಬಲೆಯ ಗುಂಡುಗಳನ್ನು ಕರಗಿಸಿದರು. ಬಿಳಿಯ ಕಾಗದವನ್ನು ರಾಮದುರ್ಗದಲ್ಲಿ ಕೊಂಡರು. ಆ ಅಂಗಡಿಗೆ ಹಿಂದೆಂದೂ ಹೋದವರಲ್ಲ. ಮುಂಚೆಯೇ ಮದ್ದು ತುಂಬಿಟ್ಟರೆ ಕಬ್ಬಿನ ಹೊಲದ ಇಬ್ಬನಿಗೆ ಹಸಿಯಾಗುತ್ತದೆ, ಆದ್ದರಿಂದ ಕೊನೆಯ ಗಳಿಗೆಯಲ್ಲಿ ತುಂಬುವುದು. ಕೈ ನಡುಗಿದರೂ ತಪ್ಪದ ಕ್ರಮ ಅವರಿಗೆ ಒಂದೇ ಗೊತ್ತು, ಕಾಡತೂಸಿನದು. ಒಂದೇ ಒಂದು ಸುತ್ತಿದರು. ಒಂದಕ್ಕಿಂತ ಹೆಚ್ಚು ಬೇಕಾದವನು ಸಿಪಾಯಿಯೇ ಅಲ್ಲ ಎಂದುಕೊಂಡರು. ರಾತ್ರಿ ಕನ್ನಡಿಯಲ್ಲಿ ತಮ್ಮನ್ನೇ ನೋಡಿ ನಕ್ಕರು. ಇಷ್ಟು ಚೆನ್ನಾದ ಪಾಠವನ್ನು ಕೇಳುವವರಿಲ್ಲವಲ್ಲ ಎಂದು ಮರುಗಳಿಗೆ ಬೇಸರವೂ ಆಯಿತು.

ಹೊಸ್ತಿಲ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದಲ್ಲಿ ಲಕ್ಷ ಜನ. ಕಂಬಳಿಯಲ್ಲಿ ಏನೋ ಉದ್ದನೆಯದು ಸುತ್ತಿಕೊಂಡ ಮುದುಕನನ್ನು ಅಲ್ಲಿ ಯಾರು ನೋಡುತ್ತಾರೆ? ಫೋನು ಬೈಲಹೊಂಗಲದ ಮನೆಯಲ್ಲೇ ಉಳಿಯಿತು. ಗುಡ್ಡದ ಬುಡದ ಸವದತ್ತಿಯಿಂದ ಮನೋಳಿಗೆ ನಸುಕಿನಲ್ಲಿ ನಡೆದೇ ಹೋದರು, ಕಾಲಿಗೆ ಒಂದು ಅಳತೆ ದೊಡ್ಡ ಚಪ್ಪಲಿ.

ನಿಜಗುಣಪ್ಪ ಪ್ರತಿ ಹುಣ್ಣಿಮೆಗೆ ಹೊಲಕ್ಕೆ ಬಂದು, ಸೂರ್ಯ ಮೂಡುವ ಹೊತ್ತಿಗೆ ಹೊಳೆಯ ಕಡೆ ಒಬ್ಬನೇ ನಡೆಯುತ್ತಿದ್ದ. ಆ ಅಭ್ಯಾಸವನ್ನು ಗುರುವಾರಗಳಲ್ಲಿ ಅವನೇ ಹೇಳಿದ್ದು. ಬದುವಿನ ಮೇಲೆ ಅವನ ಬಿಳಿ ಮಫ್ಲರ್ ಕಂಡಾಗ ಮಾಸ್ತರರು ಕಬ್ಬಿನ ಅಂಚಿನಲ್ಲಿ ಮೊಣಕಾಲೂರಿದ್ದರು. ಮನಸ್ಸು ಏನೂ ಯೋಚಿಸಲಿಲ್ಲ. ಕೈ, ಹಲ್ಲು, ಭುಜ ತಮ್ಮ ಪಾಡಿಗೆ ಕೆಲಸ ಮಾಡಿದವು: ಕಚ್ಚು, ಉಗುಳು, ಚಿಟಿಕೆ, ಸುರಿ, ಗಿಡಿ. ಕಲ್ಲು ಕಿಡಿ ಕಾರಿತು. ಹೊಗೆ ಸರಿದಾಗ ಬದುವಿನ ಮೇಲೆ ಯಾರೂ ನಿಂತಿರಲಿಲ್ಲ.

ಅವರು ಓಡಲಿಲ್ಲ. ಗುಂಡಿನ ಹಿಂದೆ ಹಾರಿದ್ದ ಸುಟ್ಟ ಕಾಗದವನ್ನು ಹುಡುಕಿ ಮೂರು ಚೂರು ಆರಿಸಿದರು, ಮಸಿಯಾದ ಹುಲ್ಲನ್ನು ಕಿತ್ತು ಚೀಲಕ್ಕೆ ಹಾಕಿಕೊಂಡರು, ಮೊಣಕಾಲಿನ ಗುರುತನ್ನು ಕಬ್ಬಿನ ಒಣ ಎಲೆಯ ರವದಿಯಿಂದ ಗುಡಿಸಿದರು. ಬಂದೂಕು, ಚಪ್ಪಲಿ, ಚೀಲ ಮೂರನ್ನೂ ಮಲಪ್ರಭೆಯ ಮಡುವಿಗೆ ಬಿಟ್ಟರು. ಹನ್ನೊಂದು ಗಂಟೆಗೆ ಗುಡ್ಡದಿಂದ ಬರುವ ಬಸ್ಸಿನಲ್ಲಿ ಹಣೆಗೆ ಯಲ್ಲಮ್ಮನ ಅರಿಸಿನದ ಭಂಡಾರ ಹಚ್ಚಿಕೊಂಡು ಬೈಲಹೊಂಗಲಕ್ಕೆ ಇಳಿದರು.

ಎಲ್ಲ ಎಣಿಸಿದಂತೆಯೇ ನಡೆಯಿತು. ಹಂದಿಯ ಗುಂಡು ಎಂದು ಊರು ಹೇಳಿತು. ಮನೋಳಿಯ ಲಗಮಪ್ಪ ಎಂಬ ಮುದುಕನ ಮನೆಯಲ್ಲಿ ನಾಡಬಂದೂಕು ಸಿಕ್ಕಿತೆಂದು ಅವನನ್ನು ಹಿಡಿದು ಒಯ್ದರು. ಸಾಕ್ಷಿಯಿಲ್ಲದೆ ಇವತ್ತಲ್ಲ ನಾಳೆ ಬಿಟ್ಟಾರು ಎಂದು ಮಾಸ್ತರರು ಪತ್ರಿಕೆ ಮಡಚಿಟ್ಟರು. ಎಣಿಸದೇ ಇದ್ದದ್ದು ಗುರುವಾರ. ಸಂಜೆ ಆರಕ್ಕೆ ಕೈ ತಾನಾಗಿ ಎರಡು ಕಪ್ ಇಟ್ಟಿತು. ಈ ಪಾಠದ ಸೊಗಸನ್ನು ಪೂರ್ತಿ ಅರಿಯಬಲ್ಲವನು ಒಬ್ಬನೇ ಇದ್ದ, ಅವನನ್ನೇ ತಾವು ಕೊಂದಿದ್ದರು. ಮಾಸ್ತರರು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತರು. ನಿಜಗುಣಪ್ಪನಿಗಾಗಿ ಅತ್ತರೋ ತಮಗಾಗಿ ಅತ್ತರೋ ಅವರಿಗೇ ತಿಳಿಯಲಿಲ್ಲ.

ನಾಲ್ಕನೆಯ ಗುರುವಾರ ಬಾಗಿಲು ಬಡಿದ ಸದ್ದಾಯಿತು. ಖಾಕಿ ತೊಟ್ಟ ಮೂವತ್ತರ ಆಸುಪಾಸಿನ ಹೆಂಗಸು, ಮನೋಳಿಯ ಕೇಸು ನೋಡುತ್ತಿದ್ದ ಪಿಎಸ್‌ಐ.

“ನಮಸ್ಕಾರ್ರಿ ಸರ. ನಾ ಪ್ರಜ್ಞಾ ಕಾಂಬಳೆ. ನಿಮ್ಮ ಕಡೆನಽ ಕಲತೇನಿ. ಹಿಂದಿನ ಬೆಂಚು.”

ಮಾಸ್ತರರಿಗೆ ಮುಖ ನೆನಪಾಗಲಿಲ್ಲ. ಖಾಕಿ ಕಂಡು ಬಾಗಿಲನ್ನು ಅರ್ಧಕ್ಕೇ ಹಿಡಿದು ನಿಂತರು. ಅವಳ ಮುಂದಿನ ಮಾತಿಗೆ ಪೂರ್ತಿ ತೆರೆದರು.

“ಹಳೇ ಬಂದೂಕಿನ ವಿಷಯ ನಿಮ್ಮಷ್ಟು ತಿಳದವರು ಈ ಜಿಲ್ಲಾದಾಗ ಯಾರ ಅದಾರ್ರಿ? ಆ ಪುಸ್ತಕಾನೂ ನಿಮ್ಮದಽ ಅಂತ ಓದಿದ ಕೂಡ್ಲೆ ಗೊತ್ತಾತ್ರಿ. ಸಾಲ್ಯಾಗ ನೀವು ಹೇಳಿದ ಮಾತ ಹಂಗಽ ಅದಾವ.”

“ಕೂಡವಾ, ಕೂಡು. ಚಹಾ ಮಾಡತೇನಿ,” ಎಂದರು ಮಾಸ್ತರರು. ತಮ್ಮ ಹಿಂದೆ ಒಬ್ಬರಾದರೂ ಇದ್ದಾರೆ!

ಒಂದೂವರೆ ಗಂಟೆ ಮಾತಾಡಿದರು. ಅವಳು ಆಕಳಿಸಲಿಲ್ಲ. ಲಗಮಪ್ಪ ಹೇಗೆ ಬಂದೂಕು ತುಂಬುತ್ತಾನೆಂದು ಇವರು ಕೇಳಿದರು. ಟಾನಿಕ್ಕಿನ ಬಾಟಲಿಯಿಂದ ಮದ್ದು ಸುರಿದು ತೆಂಗಿನ ನಾರು ತುರುಕುತ್ತಾನೆ ಎಂದಳು. “ಛೀ, ಅನಾಗರಿಕ ಪದ್ಧತಿ,” ಎಂದು ಮಾಸ್ತರರು ತಲೆಯಾಡಿಸಿದರು.

“ಒಮ್ಮಿ ಕವಾಯತು ತೋರಸ್ರಿ ಸರ, ಸಾಲ್ಯಾಗ ತೋರಸ್ತಿದ್ರಲ್ಲ, ಹಂಗ.”

ಹಳೆಯ ಸತ್ತ ಮಸ್ಕೆಟ್ಟು ಹೊರಗೆ ಬಂತು. ಹಿಟ್ಟಿನ ಕಾಡತೂಸು ಸುತ್ತಿದರು. ಎದ್ದು ನಿಂತರೆ ಅರವತ್ತೈದರ ಬೆನ್ನು ನೆಟ್ಟಗಾಯಿತು. ಕಚ್ಚಿದರು, ಎಡಕ್ಕೆ ಉಗುಳಿದರು, ಸುರಿದರು, ಗಿಡಿದರು. ಅವಳು ಚಪ್ಪಾಳೆ ತಟ್ಟಬಹುದೆಂದು ಕಾದರು. ಅವಳು ಬಗ್ಗಿ ನೆಲದಿಂದ ಆ ಚೂರನ್ನು ಚಿಮಟದಲ್ಲಿ ಎತ್ತಿದಳು.

“ಏ, ಬ್ಯಾಡವಾ, ಎಂಜಲದು! ಮುಟ್ಟಬ್ಯಾಡ.”

“ನನಗ ರೂಢಿ ಐತ್ರಿ ಸರ,” ಎಂದಳು ಪ್ರಜ್ಞಾ. “‘ಹಿಂದಿನ ಹುಡುಗಿ, ಅದನ್ನ ತಗದ ಹೊರಗ ಒಗಿ’ ಅಂತಿದ್ರಿ. ನೀವಂತೂ ಮುಟ್ಟತಿದ್ದಿಲ್ಲ. ಇಡೀ ವರ್ಷ ನಾನಽ ಆರಸೇನಿ. ಲಗಮಪ್ಪನ ಬಾಯಾಗ ಮುಂದಿನ ಹಲ್ಲ ಒಂದೂ ಇಲ್ರಿ. ಫೌಜಿಗೆ ನಡಿಯಾಂಗಿಲ್ಲ, ಅಲ್ರಿ?”

ಅವಳು ಜೇಬಿನಿಂದ, ಮನೋಳಿಯ ಹೊಲದಲ್ಲಿ ಸಿಕ್ಕ ಕಾಗದದ ಚೂರಿದ್ದ ಪುಟ್ಟ ಪಾರದರ್ಶಕ ಲಕೋಟೆ ತೆಗೆದು ಮೇಜಿನ ಮೇಲಿಟ್ಟಳು, ಪಕ್ಕದಲ್ಲಿ ಈಗಿನ ಚೂರು. ಎರಡರಲ್ಲೂ ಕಚ್ಚಿದ ಅಂಚಿನ ನಡುವೆ, ಮುರಿದ ಹಲ್ಲಿನ ಮೂಲೆಗೆ ಸಿಗದೆ ಉಳಿದ ಕಾಗದದ ಸಣ್ಣ ನಾಲಿಗೆ. ಮಾಸ್ತರರಿಗೆ ಕಬ್ಬಿನ ಅಂಚು ಕಣ್ಣಮುಂದೆ ಬಂತು: ಸುಟ್ಟ ಕಾಗದ ಆರಿಸಿದ್ದು, ಹುಲ್ಲು ಕಿತ್ತದ್ದು, ಮಣ್ಣು ಗುಡಿಸಿದ್ದು. ಎಡಗಡೆಗೆ ಮಾತ್ರ ಅವರು ತಿರುಗಿಯೇ ನೋಡಿರಲಿಲ್ಲ. ಬಾಯಿಂದ ಬಿದ್ದದ್ದನ್ನು ಕೈ ಮುಟ್ಟಬಾರದೆಂದು ತಾರಾಬಾಯಿ ಕಲಿಸಿದ್ದರು, ಮೂವತ್ತು ವರ್ಷ ಅದನ್ನು ಬೇರೆ ಯಾರೋ ಎತ್ತಿದ್ದರು. ಮನೋಳಿಯಲ್ಲಿ ಅವರ ಹಿಂದೆ ಯಾರೂ ಇರಲಿಲ್ಲ.