ಅಮ್ಮನ ಇಂಜೆಕ್ಷನ್

"ಬೇಡಮ್ಮ, ಚುಚ್ಕೋಬೇಡ. ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು ಇದು."

ಸಾಸಿವೆ ಫ್ರಿಜ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಅವಳ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ; ಒಗ್ಗರಣೆಯ ಸಾಸಿವೆ ಹಾಗೆ ಸಿಡಿಯುತ್ತಾಳೆಂದೇ ಅಮ್ಮ ಆ ಹೆಸರಿಟ್ಟಿದ್ದಳು. ಅಮ್ಮನ ಇಂಜೆಕ್ಷನ್ ಫ್ರಿಜ್ಜಿನೊಳಗಿತ್ತು.

"ಸ್ವಲ್ಪ ಸರ್ಕೋ ಪುಟ್ಟಾ. ನಿಂತ್ಕೊಳ್ಳೋಕೆ ಆಗ್ತಿಲ್ಲ ನಂಗೆ," ಎಂದಳು ಅಮ್ಮ, ಗೋಡೆ ಹಿಡಿದು.

ಸಾಸಿವೆ ಸರಿದಳು.

ಅಮ್ಮ ಸಿಟಿ ಬಸ್ ಡ್ರೈವರ್. ಅವಳಿಗೆ ಎಂ.ಎಸ್. ಎಂಬ ಕಾಯಿಲೆ. ಮಿದುಳು ಹೇಳಿದ್ದು ಕೈಕಾಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಕೆಲವು ತಿಂಗಳು ಏನೂ ಇರುವುದಿಲ್ಲ. ಆಮೇಲೆ ಹೇಳದೆ ಕೇಳದೆ ಬಂದುಬಿಡುತ್ತದೆ. ಒಮ್ಮೆ ಕಣ್ಣು ಮಂಜಾಗಿತ್ತು. ಈ ಸಲ ಬಲಗಾಲು ಜೋಮು ಹಿಡಿದಿತ್ತು, ಬಿಡುವಂತೆಯೇ ಕಾಣಲಿಲ್ಲ.

ಇಂಜೆಕ್ಷನ್ ಶುರುವಾದಾಗ ಸಾಸಿವೆ ಕ್ಲಾಸಿಗೆಲ್ಲ ಹೇಳಿದ್ದಳು, "ಇನ್ಮೇಲೆ ನಮ್ಮಮ್ಮಂಗೆ ಏನೂ ಆಗಲ್ಲ." ಚುಚ್ಚಿದ ಜಾಗ ಊದಿದರೂ, ಮರುದಿನ ಜ್ವರ ಬಂದರೂ ಅಮ್ಮ ಒಂದನ್ನೂ ತಪ್ಪಿಸಿರಲಿಲ್ಲ.

ಅದೇ ದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ಡಾಕ್ಟರ್ ಅಮ್ಮನ ಅಂಗಾಲನ್ನು ಕೀಲಿಕೈ ತುದಿಯಿಂದ ಗೀರಿದರು. "ಗೊತ್ತಾಗ್ತಿದ್ಯಾ?"

"ಇಲ್ಲ," ಎಂದಳು ಅಮ್ಮ.

ಸಾಸಿವೆಗೆ ತಡೆಯಲಾಗಲಿಲ್ಲ. "ಕಂಡಕ್ಟರ್ ಮಾವನ ತಂಗೀಗೂ ಇದೇ ಕಾಯಿಲೆ, ಇದೇ ಇಂಜೆಕ್ಷನ್. ಅವ್ರು ಬ್ಯಾಡ್ಮಿಂಟನ್ ಆಡ್ತಾರೆ. ನಮ್ಮಮ್ಮಂಗೆ ಮಾತ್ರ ಯಾಕೆ ಕೆಲಸ ಮಾಡ್ತಿಲ್ಲ?"

ಡಾಕ್ಟರ್ ಕುರ್ಚಿ ಎಳೆದುಕೊಂಡು ಅವಳೆದುರು ಕೂತರು. "ಇದು ಕಾಯಿಲೇನ ಓಡಿಸಲ್ಲಮ್ಮ. ಮತ್ತೆ ಮತ್ತೆ ಬರೋದನ್ನ ಕಡಿಮೆ ಮಾಡುತ್ತೆ, ಅಷ್ಟೆ. ಕೆಲವರಿಗೆ ತುಂಬಾ ಕಡಿಮೆ ಆಗುತ್ತೆ. ನಿಮ್ಮಮ್ಮಂಗೆ ಅಷ್ಟಾಗಿ ಆಗಲಿಲ್ಲ. ಬೇರೆ ಔಷಧಿ ಕೊಟ್ಟು ನೋಡೋಣ."

"ಅದು ಗ್ಯಾರಂಟಿ ಕೆಲಸ ಮಾಡುತ್ತಾ?"

ಹೂಂ ಎನ್ನಬಹುದು ಎಂದು ಸಾಸಿವೆ ಅವರ ಬಾಯನ್ನೇ ನೋಡಿದಳು.

"ಹೇಳೋಕಾಗಲ್ಲ," ಎಂದರು ಡಾಕ್ಟರ್. ಆಮೇಲೆ ಅಮ್ಮನ ಕಡೆ ತಿರುಗಿ, "ಬಸ್ ಓಡಿಸೋದು ಇನ್ನು ಬೇಡ," ಎಂದರು.

"ಈ ತಿಂಗಳಾ?"

"ಇನ್ನು ಮೇಲೆ."

ಅಮ್ಮ ಚಪ್ಪಲಿ ಹಾಕಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡಳು.

ಮನೆಗೆ ಹೋಗುವ ಬಸ್ಸಿನಲ್ಲಿ ಇಬ್ಬರೂ ಮುಂದಿನ ಸೀಟಲ್ಲಿ ಕೂತರು. ಡ್ರೈವರ್ ಕನ್ನಡಿಯಲ್ಲಿ ನೋಡಿ ನಕ್ಕ. "ಏನಕ್ಕಾ, ಡ್ಯೂಟಿಗೆ ಯಾವಾಗ? ನೀವಿಲ್ದೆ ನಮ್ಗೆ ಬೈಯೋರೇ ಇಲ್ಲ."

"ಬರ್ತೀನಪ್ಪ, ಸ್ವಲ್ಪ ದಿನ," ಎಂದು ಅಮ್ಮನೂ ನಕ್ಕಳು.

ಸಾಸಿವೆಗೆ ಮೈಯೆಲ್ಲ ಉರಿಯಿತು. ಡಾಕ್ಟರ್ ಹೇಳಿದ್ದೇ ಒಂದು, ಅಮ್ಮ ಹೇಳುತ್ತಿರುವುದೇ ಇನ್ನೊಂದು. "ಸುಳ್ಳು" ಎನ್ನಲು ಅವಳು ಬಾಯಿ ತೆರೆದಳು.

ಅಷ್ಟರಲ್ಲಿ ಸಿಗ್ನಲ್ ಬಿತ್ತು. ಬಸ್ಸು ನಿಂತಿತು. ನಿಂತ ಮೇಲೆ ಅಮ್ಮನ ಬಲಪಾದ ನಿಧಾನವಾಗಿ ನೆಲವನ್ನು ಒತ್ತಿತು, ಅಲ್ಲಿ ಬ್ರೇಕ್ ಇದೆಯೇನೋ ಎಂಬಂತೆ.

ಮುಂದಿನ ಸ್ಟಾಪಿನಲ್ಲೂ ಹಾಗೇ. ಮೊದಲು ಬಸ್ಸು ನಿಂತಿತು, ಆಮೇಲೆ ಕಾಲು ಒತ್ತಿತು. ಅಮ್ಮ ತಲೆ ತಗ್ಗಿಸಿ ಆ ಕಾಲನ್ನೇ ನೋಡುತ್ತಿದ್ದಳು. ಮುಖದಲ್ಲಿ ನಗು ಇರಲಿಲ್ಲ.

ಸಾಸಿವೆ ಬಾಯಿ ಮುಚ್ಚಿಕೊಂಡಳು. ತಾನು ನೋಡಿದ್ದು ಅಮ್ಮನಿಗೆ ಗೊತ್ತಾಗದಿರಲಿ ಎಂದು ಮೆಲ್ಲಗೆ ಕಿಟಕಿಯ ಕಡೆ ತಿರುಗಿದಳು.